ಭೂದೃಶ್ಯ ಛಾಯಾಚಿತ್ರಗಳಲ್ಲಿ ಆಕಾಶ–ಮುನ್ನೆಲೆ ಸಮತೋಲನ

ಆಕಾಶ–ಮುನ್ನೆಲೆ ಸಮತೋಲನ ಎಂಬುದು ಬೆಟ್ಟಗುಡ್ಡಗಳ ಭೂದೃಶ್ಯ ಛಾಯಾಚಿತ್ರದಲ್ಲಿ ಅತಿ ಪ್ರಕಾಶಮಾನವಾದ ಆಕಾಶ ಮತ್ತು ನೆರಳಿನಲ್ಲಿರುವ ನೆಲ, ಇವೆರಡರ ವಿವರಗಳೂ ಒಂದೇ ಚಿತ್ರದಲ್ಲಿ ಕಾಣುವಂತೆ ಮಾಡುವ ಚಿತ್ರಗ್ರಹಣ ಹಾಗೂ ಸಂಸ್ಕರಣಾ ವಿಧಾನಗಳ ಒಟ್ಟು ಹೆಸರು. ಕ್ಯಾಮೆರಾದ ಮಸೂರದ ಮುಂದೆ ಇಡುವ ಶೋಧಕ, ಒಂದೇ ದೃಶ್ಯವನ್ನು ಹಲವು ಎಕ್ಸ್‌ಪೋಷರ್‌ಗಳಲ್ಲಿ ತೆಗೆದು ಬೆಸೆಯುವ ಕ್ರಮ, ಕತ್ತಲೆಕೋಣೆಯಲ್ಲಿ ಮುದ್ರಣದ ವೇಳೆ ಮಾಡುವ ತಿದ್ದುಪಡಿ, ಗಣಕಯಂತ್ರದಲ್ಲಿ ಮಾಸ್ಕ್‌ಗಳ ಮೂಲಕ ನಡೆಸುವ ಸಂಪಾದನೆ ಇವೆಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ಛಾಯಾಗ್ರಹಣ ಆರಂಭವಾದ ಕಾಲದಿಂದಲೂ ಈ ಸಮಸ್ಯೆ ಇದೆ. ಬದಲಾಗಿರುವುದು ಪರಿಹಾರದ ಸಾಧನಗಳು ಮಾತ್ರ.

ಸಮಸ್ಯೆಯ ಸ್ವರೂಪ

ಛಾಯಾಗ್ರಹಣದಲ್ಲಿ ಬೆಳಕಿನ ಪ್ರಮಾಣವನ್ನು ‘ಸ್ಟಾಪ್’ ಎಂಬ ಅಳತೆಯಲ್ಲಿ ಹೇಳುವುದು ರೂಢಿ. ಒಂದು ಸ್ಟಾಪ್ ಹೆಚ್ಚಾದರೆ ಬೆಳಕು ಎರಡು ಪಟ್ಟಾಗುತ್ತದೆ. ಬೆಟ್ಟದ ಹಿಂದಿನಿಂದ ಸೂರ್ಯೋದಯವಾಗುವಾಗ ಒಂದೇ ಅಪರ್ಚರ್‌ನಲ್ಲಿ ಆಕಾಶಕ್ಕೆ ಸೆಕೆಂಡಿನ 1/2000 ಭಾಗವೂ ಕೆಳಗಿನ ಹೊಲಕ್ಕೆ 1/60 ಭಾಗವೂ ಸರಿಯಾದ ಎಕ್ಸ್‌ಪೋಷರ್ ಆಗಿದ್ದರೆ, ಇವೆರಡರ ನಡುವಿನ ಅಂತರ ಸುಮಾರು 5 ಸ್ಟಾಪ್, ಅಂದರೆ ಸುಮಾರು 32 ಪಟ್ಟು. ಇದು ಆಕಾಶ ಮತ್ತು ನೆಲದ ಸರಾಸರಿಗಳ ಅಂತರ ಮಾತ್ರ. ಸೂರ್ಯನ ಸುತ್ತಲಿನ ಮೋಡದ ಅಂಚಿನಿಂದ ಬಂಡೆಯ ಸಂದಿನ ಕತ್ತಲೆಯವರೆಗೆ ಲೆಕ್ಕ ಹಾಕಿದರೆ ಅಂತರ ಇನ್ನೂ ಬಹಳ ದೊಡ್ಡದು.

ಮನುಷ್ಯನ ಕಣ್ಣಿಗೆ ಇದು ಸಮಸ್ಯೆಯಾಗಿ ತೋರುವುದಿಲ್ಲ. ದೃಷ್ಟಿ ಆಕಾಶದಿಂದ ನೆಲಕ್ಕೆ ಇಳಿದಂತೆ ಕಣ್ಣು ಮತ್ತು ಮೆದುಳು ಆಯಾ ಭಾಗದ ಬೆಳಕಿಗೆ ಹೊಂದಿಕೊಳ್ಳುತ್ತವೆ. ನೋಡುಗನ ಮನಸ್ಸಿನಲ್ಲಿ ಉಳಿಯುವ ದೃಶ್ಯವು ಇಂತಹ ಅನೇಕ ನೋಟಗಳ ಮೊತ್ತ. ಕ್ಯಾಮೆರಾ ಮಾತ್ರ ಇಡೀ ಚೌಕಟ್ಟನ್ನು ಒಂದೇ ಎಕ್ಸ್‌ಪೋಷರ್‌ನಲ್ಲಿ ದಾಖಲಿಸುತ್ತದೆ. ಅದರ ಬೆಳಕುಮಾಪಕವು ತಾನು ಅಳೆದ ಭಾಗವನ್ನು ಮಧ್ಯಮ ಬೂದುಬಣ್ಣಕ್ಕೆ ತರಲು ಯತ್ನಿಸುವುದರಿಂದ, ಆಕಾಶವನ್ನು ಅಳೆದರೆ ಬೆಟ್ಟ ಕಪ್ಪಾಗುತ್ತದೆ, ಬೆಟ್ಟವನ್ನು ಅಳೆದರೆ ಆಕಾಶ ಬಿಳಿಯ ಹಾಳೆಯಾಗುತ್ತದೆ.

ಈ ಎರಡು ದೋಷಗಳು ಸಮಾನವಲ್ಲ ಎಂಬುದು ಇಡೀ ವಿಷಯದ ಕೇಂದ್ರ ಅಂಶ. ಡಿಜಿಟಲ್ ಸಂವೇದಕದ ಪ್ರತಿಯೊಂದು ಬಿಂದುವೂ ಒಂದು ಮಿತಿಯವರೆಗೆ ಮಾತ್ರ ಬೆಳಕನ್ನು ಎಣಿಸಬಲ್ಲದು. ಮಿತಿ ದಾಟಿದ ಮೇಲೆ ಎಲ್ಲ ಬೆಳಕೂ ಒಂದೇ ಗರಿಷ್ಠ ಸಂಖ್ಯೆಯಾಗಿ ದಾಖಲಾಗುತ್ತದೆ, ಹಾಗಾಗಿ ಮೋಡದ ಆಕಾರ ಅಲ್ಲಿಗೆ ಅಳಿಸಿಹೋಗುತ್ತದೆ. ಯಾವ ತಂತ್ರಾಂಶವೂ ಅದನ್ನು ಮರಳಿ ತರಲಾರದು, ಊಹಿಸಿ ತುಂಬಬಹುದಷ್ಟೆ. ನೆರಳಿನಲ್ಲಿ ಮಾಹಿತಿ ಕ್ಷೀಣವಾಗಿದ್ದರೂ ಉಳಿದಿರುತ್ತದೆ, ಎತ್ತಿದಾಗ ಅದರ ಜೊತೆಗೆ ಕಣಕಣವಾದ ಗದ್ದಲವೂ ಮೇಲೆ ಬರುತ್ತದೆ. 14 ಬಿಟ್‌ನ ರಾ ಕಡತದಲ್ಲಿ 16,384 ಹಂತಗಳಿದ್ದು, ಅವುಗಳಲ್ಲಿ ಅರ್ಧದಷ್ಟು, ಅಂದರೆ 8,192 ಹಂತಗಳು, ಅತ್ಯಂತ ಪ್ರಕಾಶಮಾನವಾದ ಒಂದೇ ಸ್ಟಾಪ್‌ಗೆ ಮೀಸಲಾಗುತ್ತವೆ. ಕೆಳಗಿಳಿದಂತೆ ಪ್ರತಿ ಸ್ಟಾಪ್‌ಗೂ ಹಂತಗಳು ಅರ್ಧವಾಗುತ್ತಾ ಹೋಗಿ ಆರನೆಯ ಸ್ಟಾಪ್‌ಗೆ ಉಳಿಯುವುದು 256. ಜೆಪೆಗ್ ಕಡತದಲ್ಲಾದರೋ ಒಂದೊಂದು ವರ್ಣಕ್ಕೆ ಒಟ್ಟು ಹಂತಗಳೇ 256. ಆದ್ದರಿಂದಲೇ ಈ ಬಗೆಯ ಚಿತ್ರಗಳಿಗೆ ರಾ ಕಡತವನ್ನು ಬಳಸುವುದು ಮತ್ತು ಆಕಾಶದ ವಿವರ ಉಳಿಯುವಷ್ಟು ಮಾತ್ರ ಎಕ್ಸ್‌ಪೋಷರ್ ನೀಡುವುದು ಸಾಮಾನ್ಯ ಕ್ರಮವಾಗಿದೆ.

ಕರ್ನಾಟಕದ ಬೆಳಕು ಮತ್ತು ನೆಲ

ಕರ್ನಾಟಕವು ಉಷ್ಣವಲಯದಲ್ಲಿರುವುದರಿಂದ ಇಲ್ಲಿನ ಬೆಳಕಿಗೆ ತನ್ನದೇ ಲಕ್ಷಣಗಳಿವೆ. ಸೂರ್ಯನು ವರ್ಷಕ್ಕೆ ಎರಡು ಬಾರಿ ನೆತ್ತಿಯ ಮೇಲೆ ಬರುತ್ತಾನೆ. ಹಾವೇರಿ ಜಿಲ್ಲೆಯ ರಟ್ಟೀಹಳ್ಳಿ, ಹಿರೇಕೆರೂರು ಪ್ರದೇಶದಲ್ಲಿ ಇದು ಸುಮಾರಾಗಿ ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ಮಧ್ಯಭಾಗದಲ್ಲಿ ಸಂಭವಿಸುತ್ತದೆ. ಸೂರ್ಯನು ಕ್ಷಿತಿಜಕ್ಕೆ ಹೆಚ್ಚು ಕಡಿದಾದ ಕೋನದಲ್ಲಿ ಇಳಿಯುವುದರಿಂದ ಮುಸ್ಸಂಜೆಯೂ ಚಿಕ್ಕದು. ಸೂರ್ಯ ಮುಳುಗಿದ ಬಳಿಕ ನೆಲದ ವಿವರಗಳು ಬರಿಗಣ್ಣಿಗೆ ಸ್ಪಷ್ಟವಾಗಿ ಕಾಣುವ ಅವಧಿ 20ರಿಂದ 25 ನಿಮಿಷ ಮಾತ್ರ. ಆಕಾಶ ಮತ್ತು ನೆಲದ ಬೆಳಕು ತಾನಾಗಿ ಸಮೀಪಿಸುವುದು ಈ ಅವಧಿಯಲ್ಲೇ. ಉತ್ತರ ಯುರೋಪಿನ ಛಾಯಾಗ್ರಾಹಕರು ಬರೆದ ಕೈಪಿಡಿಗಳಲ್ಲಿ ಸಂಜೆಯ ಬೆಳಕಿಗಾಗಿ ಗಂಟೆಗಟ್ಟಲೆ ಕಾಯುವ ಸಲಹೆ ಕಂಡುಬಂದರೆ ಅದು ಇಲ್ಲಿಗೆ ಹೊಂದುವುದಿಲ್ಲ.

ನೆಲದ ಬಣ್ಣವೂ ಮುಖ್ಯ. ಹಾವೇರಿ, ಧಾರವಾಡ, ಗದಗ ಜಿಲ್ಲೆಗಳ ಎರೆ ಹೊಲಗಳು, ವಿಶೇಷವಾಗಿ ಮಳೆಯಾದ ಮೇಲೆ, ಬಹಳ ಕಡಿಮೆ ಬೆಳಕನ್ನು ಹಿಂದಿರುಗಿಸುತ್ತವೆ. ಬಿತ್ತನೆಗೆ ಮೊದಲಿನ ಇಂತಹ ಹೊಲವನ್ನು ಮುಂಗಾರಿನ ಬಿಳಿಮೋಡಗಳ ಕೆಳಗೆ ಚಿತ್ರಿಸಿದರೆ ಅಂತರ ತೀವ್ರವಾಗಿರುತ್ತದೆ. ಅದೇ ಹೊಲದಲ್ಲಿ ಗೋವಿನಜೋಳ ಒಣಗಿ ನಿಂತಾಗ ಮುನ್ನೆಲೆ ಹೊಳಪಾಗಿ ಸಮಸ್ಯೆ ಬಹುಮಟ್ಟಿಗೆ ತಗ್ಗುತ್ತದೆ. ಮಲೆನಾಡಿನ ಶೋಲಾ ಕಾಡು ಸದಾ ಗಾಢವಾಗಿಯೂ ಅದರ ಮೇಲಿನ ಹುಲ್ಲುಗಾವಲು ಬೇಸಗೆಯಲ್ಲಿ ಬಂಗಾರದ ಬಣ್ಣಕ್ಕೂ ತಿರುಗುವುದರಿಂದ, ಕುದುರೆಮುಖ ಅಥವಾ ಬಾಬಾಬುಡನ್‌ಗಿರಿಯ ಒಂದೇ ಇಳಿಜಾರಿನಲ್ಲಿ ಎರಡು ಬಗೆಯ ಮುನ್ನೆಲೆ ಇರುತ್ತದೆ.

ಮೋಡ ಕವಿದ ದಿನ ಬೆಳಕಿನ ಅಂತರ ಇರುವುದಿಲ್ಲ ಎಂಬ ನಂಬಿಕೆ ಸರಿಯಲ್ಲ. ಅಂದು ನೆಲದ ಮೇಲಿನ ನೆರಳುಗಳು ಮೃದುವಾಗುತ್ತವೆ ನಿಜ, ಆದರೆ ನೆಲಕ್ಕೆ ಬೆಳಕು ಬರುವುದೇ ಆ ಮೋಡದಿಂದ. ಹೀಗಾಗಿ ಮೋಡವು ನೆಲಕ್ಕಿಂತ ಪ್ರಕಾಶಮಾನವಾಗಿಯೇ ಇರುತ್ತದೆ. ಆಗುಂಬೆಯ ಮಳೆಗಾಲದ ಚಿತ್ರಗಳಲ್ಲಿ ಬೆಟ್ಟದ ಮೇಲೆ ಬರಿಯ ಬಿಳಿ ಕಾಣುವುದಕ್ಕೆ ಇದೇ ಕಾರಣ.

ಇದಕ್ಕೆ ವ್ಯತಿರಿಕ್ತವಾದ ಸಂದರ್ಭವೂ ಇದೆ. ಸಮುದ್ರಮಟ್ಟದಿಂದ 1,478 ಮೀ. ಎತ್ತರದ ನಂದಿ ಬೆಟ್ಟದಲ್ಲೂ, ರಾಜ್ಯದ ಅತ್ಯುನ್ನತ ಶಿಖರವಾದ 1,930 ಮೀ. ಎತ್ತರದ ಮುಳ್ಳಯ್ಯನಗಿರಿಯಲ್ಲೂ ಮುಂಜಾನೆ ಮಂಜು ಕಣಿವೆಯನ್ನು ತುಂಬಿ ನಿಂತಾಗ, ಬಿಸಿಲು ಬಿದ್ದ ಆ ಮಂಜು ಆಕಾಶದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಹೊಳೆಯುತ್ತದೆ. ಆಗ ಚಿತ್ರದ ಮೇಲ್ಭಾಗವೂ ಕೆಳಭಾಗವೂ ಬೆಳಗಿ, ನಡುವಿನ ಬೆಟ್ಟದ ಸಾಲು ಮಾತ್ರ ಕಪ್ಪು ಪಟ್ಟಿಯಾಗಿ ಉಳಿಯುತ್ತದೆ. ಮೇಲಿನಿಂದ ಕೆಳಕ್ಕೆ ಇಳಿಯುವ ಯಾವುದೇ ಶೋಧಕ ಇಲ್ಲಿ ನಿರುಪಯುಕ್ತ.

ಇತಿಹಾಸ

ಹತ್ತೊಂಬತ್ತನೆಯ ಶತಮಾನದ ಛಾಯಾಚಿತ್ರಗಳಲ್ಲಿ ಆಕಾಶ ಬಹುತೇಕ ಖಾಲಿಯಾಗಿರುವುದು ಛಾಯಾಗ್ರಾಹಕರ ಅಜಾಗ್ರತೆಯಿಂದಲ್ಲ. ಅಂದಿನ ಕಾಗದದ ನೆಗೆಟಿವ್‌ಗಳೂ ಕೊಲೋಡಿಯನ್ ಗಾಜಿನ ಫಲಕಗಳೂ ನೀಲಿ ಹಾಗೂ ಅತಿನೇರಳೆ ಬೆಳಕಿಗೆ ಮಾತ್ರ ಸ್ಪಂದಿಸುತ್ತಿದ್ದವು. ಹಸಿರು ಕಾಡು ಮತ್ತು ಕೆಂಪು ಮಣ್ಣು ದಾಖಲಾಗುವಷ್ಟು ಹೊತ್ತು ಮಸೂರ ತೆರೆದಿಟ್ಟರೆ ನೀಲಿ ಆಕಾಶ ಮಿತಿಮೀರಿ ಬೆಳಗಿಬಿಡುತ್ತಿತ್ತು.

ಕರ್ನಾಟಕದ ಆರಂಭಿಕ ಛಾಯಾಚಿತ್ರಗಳು ಈ ಮಿತಿಯೊಳಗೇ ರೂಪುಗೊಂಡವು. ಲಿನಿಯಸ್ ಟ್ರೈಪ್ 1854ರ ಡಿಸೆಂಬರ್‌ನಲ್ಲಿ ಹಳೇಬೀಡು ಮತ್ತು ಬೇಲೂರಿನ ದೇವಾಲಯಗಳನ್ನು ಕಾಗದದ ನೆಗೆಟಿವ್‌ಗಳಲ್ಲಿ ಚಿತ್ರಿಸಿದನು. ಮುಂದೆ ಬರ್ಮಾ ಮತ್ತು ಮಧುರೆಯ ಚಿತ್ರಗಳಲ್ಲಿ ಅವನು ಖಾಲಿ ಆಕಾಶದ ಮೇಲೆ, ನೆಗೆಟಿವ್‌ನಲ್ಲಿಯೇ, ಕುಂಚದಿಂದ ಮೋಡಗಳನ್ನು ಬರೆದು ಸೇರಿಸಿದ್ದು ಪ್ರಸಿದ್ಧವಾಗಿದೆ. 1855ರಲ್ಲಿ ಮುಂಬಯಿ ಪ್ರಾಂತದ ಸರ್ಕಾರಿ ಛಾಯಾಗ್ರಾಹಕನಾಗಿ ನೇಮಕಗೊಂಡ ಥಾಮಸ್ ಬಿಗ್ಸ್ ಮತ್ತು ಅವನ ನಂತರದ ವಿಲಿಯಂ ಹೆನ್ರಿ ಪಿಗೌ ಉತ್ತರ ಕರ್ನಾಟಕದ ಸ್ಮಾರಕಗಳನ್ನು ಚಿತ್ರಿಸಿದರು. ಇವರ ಮತ್ತು ಎ. ಸಿ. ಬಿ. ನೀಲ್‌ನ ಚಿತ್ರಗಳನ್ನೊಳಗೊಂಡು ಧಾರವಾಡ ಹಾಗೂ ಮೈಸೂರು ಸೀಮೆಯ ವಾಸ್ತುಶಿಲ್ಪ ಕುರಿತ ಬೃಹತ್ ಸಂಪುಟ 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಕಲ್ಲಿನ ಕೆತ್ತನೆಯನ್ನು ದಾಖಲಿಸುವುದೇ ಉದ್ದೇಶವಾಗಿದ್ದ ಇಂತಹ ಚಿತ್ರಗಳಿಗೆ ಬಿಳಿಯ ಆಕಾಶ ಅಡ್ಡಿಯಾಗಲಿಲ್ಲ, ಶಿಖರದ ಅಂಚು ಅದರಿಂದ ಇನ್ನಷ್ಟು ಸ್ಪಷ್ಟವಾಯಿತು ಎಂದೇ ಹೇಳಬೇಕು. ಬೆಟ್ಟ ಮತ್ತು ಮೋಡಗಳೇ ವಿಷಯವಾದಾಗ ಮಾತ್ರ ಅದು ಕೊರತೆಯಾಗುತ್ತದೆ.

ಫ್ರಾನ್ಸಿನ ಗುಸ್ಟಾವ್ ಲ ಗ್ರೇ 1857ರ ಸುಮಾರಿಗೆ ತನ್ನ ಕಡಲದೃಶ್ಯಗಳಲ್ಲಿ ಆಕಾಶಕ್ಕೆ ಒಂದು, ನೀರಿಗೆ ಒಂದು ಎಂದು ಎರಡು ನೆಗೆಟಿವ್‌ಗಳನ್ನು ಬಳಸಿ ಕ್ಷಿತಿಜದಲ್ಲಿ ಜೋಡಿಸಿ ಮುದ್ರಿಸಿದನು. ಇಂದಿನ ಎಕ್ಸ್‌ಪೋಷರ್ ಬೆಸುಗೆಯ ಮೂಲ ಇದೇ. 1873ರಲ್ಲಿ ಹರ್ಮನ್ ವಿಲ್ಹೆಲ್ಮ್ ಫೋಗೆಲ್ ವರ್ಣದ್ರವ್ಯಗಳಿಂದ ಫಲಕಗಳನ್ನು ಹಸಿರು ಬೆಳಕಿಗೂ ಸ್ಪಂದಿಸುವಂತೆ ಮಾಡಬಹುದೆಂದು ಕಂಡುಕೊಂಡನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಲ್ಲ ವರ್ಣಗಳಿಗೂ ಸ್ಪಂದಿಸುವ ಪ್ಯಾಂಕ್ರೊಮ್ಯಾಟಿಕ್ ಫಲಕಗಳು ಮಾರುಕಟ್ಟೆಗೆ ಬಂದ ಮೇಲೆ, ಹಳದಿ ಅಥವಾ ಕೆಂಪು ಶೋಧಕದ ನೆರವಿನಿಂದ ಕಪ್ಪು–ಬಿಳುಪು ಚಿತ್ರದ ನೀಲಿ ಆಕಾಶವನ್ನು ಬೇಕಾದಷ್ಟು ಗಾಢಗೊಳಿಸುವುದು ಸುಲಭವಾಯಿತು.

ಅಮೆರಿಕದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಆಸುಪಾಸಿನಲ್ಲಿ ರೂಪಿಸಿದ ವಲಯ ಪದ್ಧತಿಯು ದೃಶ್ಯದ ಪ್ರತಿಯೊಂದು ಭಾಗವೂ ಮುದ್ರಣದಲ್ಲಿ ಎಷ್ಟು ಗಾಢವಾಗಿರಬೇಕೆಂದು ಮೊದಲೇ ನಿರ್ಧರಿಸಿ ಎಕ್ಸ್‌ಪೋಷರ್ ನೀಡುವ ಕ್ರಮ. ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡಿಸ್ ಎಂಬಲ್ಲಿ ತೆಗೆದ ಚಂದ್ರೋದಯದ ಚಿತ್ರ ಇದಕ್ಕೆ ಹೆಚ್ಚಾಗಿ ಉದಾಹರಿಸಲ್ಪಡುತ್ತದೆ. ಅದರ ಮುನ್ನೆಲೆ ತೀರ ದುರ್ಬಲವಾಗಿದ್ದುದರಿಂದ 1948ರಲ್ಲಿ ಅವರು ನೆಗೆಟಿವ್‌ನ ಕೆಳಭಾಗವನ್ನು ಮಾತ್ರ ರಾಸಾಯನಿಕವಾಗಿ ಬಲಪಡಿಸಿದರು. ನಂತರದ ದಶಕಗಳ ಮುದ್ರಣಗಳಲ್ಲಿ ಆಕಾಶ ಕ್ರಮೇಣ ಹೆಚ್ಚು ಕಪ್ಪಾಗುತ್ತಾ ಹೋಯಿತು. ಒಂದೇ ನೆಗೆಟಿವ್, ಒಬ್ಬನೇ ಕಲಾವಿದ, ಆದರೂ ‘ಸರಿಯಾದ’ ಆಕಾಶ ಯಾವುದೆಂಬುದು ಮೂವತ್ತು ವರ್ಷಗಳಲ್ಲಿ ಬದಲಾಗಿತ್ತು.

ಬೆಂಗಳೂರಿನಲ್ಲಿ ಬೆಳೆದ ಛಾಯಾಗ್ರಹಣ ಪರಂಪರೆಗೂ ಕತ್ತಲೆಕೋಣೆಯ ಕೌಶಲವೇ ಅಡಿಪಾಯವಾಗಿತ್ತು. ಪಿಕ್ಟೋರಿಯಲ್ ಛಾಯಾಗ್ರಹಣಕ್ಕೆ ಹೆಸರಾದ ಸಿ. ರಾಜಗೋಪಾಲ್, ವನ್ಯಜೀವಿ ಛಾಯಾಗ್ರಾಹಕ ಟಿ. ಎನ್. ಎ. ಪೆರುಮಾಳ್ ಮೊದಲಾದವರ ಪೀಳಿಗೆಯು ಮುದ್ರಣದ ವೇಳೆ ಕೈಯನ್ನೋ ರಟ್ಟಿನ ತುಂಡನ್ನೋ ಅಡ್ಡ ಹಿಡಿದು ಒಂದು ಭಾಗಕ್ಕೆ ಬೆಳಕು ತಗ್ಗಿಸುವ ‘ಡಾಡ್ಜಿಂಗ್’ ಮತ್ತು ಹೆಚ್ಚಿಸುವ ‘ಬರ್ನಿಂಗ್’ ವಿಧಾನಗಳ ಕಾಲದ್ದು. ಇಂದಿನ ತಂತ್ರಾಂಶಗಳಲ್ಲಿ ಅದೇ ಹೆಸರುಗಳು, ಅದೇ ಕೈ ಮತ್ತು ರಟ್ಟಿನ ಚಿಹ್ನೆಗಳೊಡನೆ, ಉಳಿದುಕೊಂಡಿವೆ.

ಚಿತ್ರ ತೆಗೆಯುವಾಗಿನ ವಿಧಾನಗಳು

ಮೇಲ್ಭಾಗ ಗಾಢವಾಗಿದ್ದು ಕೆಳಕ್ಕೆ ಪಾರದರ್ಶಕವಾಗುವ ಶೋಧಕವನ್ನು ಶ್ರೇಣೀಕೃತ ಎನ್‌ಡಿ ಶೋಧಕ ಎನ್ನುತ್ತಾರೆ. ಸಾಮಾನ್ಯವಾಗಿ ಇವು 2 ಅಥವಾ 3 ಸ್ಟಾಪ್‌ಗಳಷ್ಟು ಬೆಳಕನ್ನು ತಡೆಯುತ್ತವೆ. ಮೇಲೆ ಹೇಳಿದ 5 ಸ್ಟಾಪ್ ಅಂತರದ ದೃಶ್ಯಕ್ಕೆ 3 ಸ್ಟಾಪ್‌ನ ಶೋಧಕ ಬಳಸಿದರೆ 2 ಸ್ಟಾಪ್‌ಗಳ ಅಂತರ ಉಳಿಯುತ್ತದೆ. ಅದು ಉಳಿಯಬೇಕಾದದ್ದೇ, ಏಕೆಂದರೆ ಆಕಾಶವು ನೆಲಕ್ಕಿಂತ ಬೆಳಗಿರುವುದು ಸಹಜ. ಕಡಲತೀರದ ನೇರ ಕ್ಷಿತಿಜಕ್ಕೆ ಈ ಶೋಧಕ ಅತ್ಯುತ್ತಮ, ಬೆಟ್ಟಗಳಿಗೆ ಅಷ್ಟಾಗಿ ಒಗ್ಗದು. ಶಿಖರವು ಗಡಿರೇಖೆಯನ್ನು ದಾಟಿ ಮೇಲೇರುವುದರಿಂದ ಅದರ ತುದಿಯೂ ಆಕಾಶದೊಡನೆ ಕಪ್ಪಾಗುತ್ತದೆ. ಧ್ರುವೀಕರಣ ಶೋಧಕವು ಸೂರ್ಯನಿಗೆ 90 ಡಿಗ್ರಿ ಕೋನದಲ್ಲಿರುವ ನೀಲಿ ಆಕಾಶವನ್ನು ಹೆಚ್ಚು ಗಾಢಗೊಳಿಸುತ್ತದೆ. ಅಗಲ ಕೋನದ ಮಸೂರದಲ್ಲಿ ಇದು ಆಕಾಶದ ಒಂದು ಭಾಗದಲ್ಲಷ್ಟೇ ನೀಲಿ ಕಲೆಯನ್ನು ಮೂಡಿಸುವುದುಂಟು.

ಎರಡನೆಯ ವಿಧಾನ ಬ್ರಾಕೆಟಿಂಗ್. ಮುಕ್ಕಾಲಿಯ ಮೇಲೆ ಕ್ಯಾಮೆರಾ ನಿಲ್ಲಿಸಿ, ಅಪರ್ಚರ್ ಬದಲಿಸದೆ, ಶಟರ್ ವೇಗವನ್ನು ಮಾತ್ರ ಬದಲಿಸುತ್ತಾ ಸಾಮಾನ್ಯವಾಗಿ 2 ಸ್ಟಾಪ್‌ಗಳ ಅಂತರದಲ್ಲಿ ಮೂರು ಚಿತ್ರಗಳನ್ನು ತೆಗೆಯಲಾಗುತ್ತದೆ. ಇವುಗಳ ನಡುವೆ ದೃಶ್ಯದಲ್ಲಿ ಏನಾದರೂ ಚಲಿಸಿದರೆ ಬೆಸುಗೆಯಲ್ಲಿ ಅದು ಛಾಯೆಯಾಗಿ ಎರಡೆರಡು ಬಾರಿ ಕಾಣುತ್ತದೆ. ಗಾಳಿಗೆ ತೂಗುವ ಹುಲ್ಲು, ಸರಿಯುವ ಮಂಜು, ಚಿತ್ರದುರ್ಗ ಮತ್ತು ಗದಗದ ಗುಡ್ಡಗಳ ಮೇಲಿನ ಗಾಳಿಯಂತ್ರದ ರೆಕ್ಕೆಗಳು ಇದಕ್ಕೆ ನಿತ್ಯದ ಉದಾಹರಣೆಗಳು. ದೊಡ್ಡ ಸಂವೇದಕವುಳ್ಳ ಈಚಿನ ಕ್ಯಾಮೆರಾಗಳು ಕನಿಷ್ಠ ಐಎಸ್‌ಒದಲ್ಲಿ ಸುಮಾರು 14 ಸ್ಟಾಪ್‌ಗಳ ವ್ಯಾಪ್ತಿಯನ್ನು ಹಿಡಿಯಬಲ್ಲವಾದ್ದರಿಂದ, ಸೂರ್ಯನೇ ಚೌಕಟ್ಟಿನೊಳಗಿರದ ಅನೇಕ ಸಂದರ್ಭಗಳಲ್ಲಿ ಒಂದೇ ರಾ ಕಡತ ಸಾಕಾಗುತ್ತದೆ.

ಮೊಬೈಲ್ ಫೋನ್‌ಗಳು ಈ ಕೆಲಸವನ್ನು ಬಳಕೆದಾರನ ಅರಿವಿಗೆ ಬಾರದಂತೆ ಮಾಡುತ್ತವೆ. 2010ರಲ್ಲಿ ಐಫೋನ್‌ಗೆ ಎಚ್‌ಡಿಆರ್ ಸೌಲಭ್ಯ ಬಂದಿತು. 2013ರಲ್ಲಿ ಗೂಗಲ್ ತನ್ನ ನೆಕ್ಸಸ್ 5 ಫೋನಿಗೆ ನೀಡಿದ ಎಚ್‌ಡಿಆರ್ ಪ್ಲಸ್ ಭಿನ್ನ ಎಕ್ಸ್‌ಪೋಷರ್‌ಗಳ ಬದಲು, ಒಂದೇ ಬಗೆಯ ಕಡಿಮೆ ಎಕ್ಸ್‌ಪೋಷರ್‌ನ ಹಲವು ಚಿತ್ರಗಳನ್ನು ಒಟ್ಟುಗೂಡಿಸಿ ನೆರಳಿನ ಗದ್ದಲವನ್ನು ತಗ್ಗಿಸುವ ಮಾರ್ಗ ಹಿಡಿಯಿತು.

ಸಂಸ್ಕರಣೆ

ಭಿನ್ನ ಎಕ್ಸ್‌ಪೋಷರ್‌ಗಳಿಂದ ದೃಶ್ಯದ ನಿಜವಾದ ಬೆಳಕಿನ ನಕ್ಷೆಯನ್ನು ಲೆಕ್ಕಹಾಕುವ ಕ್ರಮವನ್ನು ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ 1997ರ ಪ್ರಬಂಧದಲ್ಲಿ ವಿವರಿಸಿದರು. ಹೀಗೆ ದೊರೆತ ವಿಶಾಲ ವ್ಯಾಪ್ತಿಯನ್ನು ಪರದೆಯ ಕಿರಿದಾದ ವ್ಯಾಪ್ತಿಗೆ ಇಳಿಸುವುದೇ ಟೋನ್ ಮ್ಯಾಪಿಂಗ್. ಎರಿಕ್ ರೈನ್‌ಹಾರ್ಡ್ ಮತ್ತು ಸಂಗಡಿಗರು 2002ರಲ್ಲಿ ಮಂಡಿಸಿದ ಟೋನ್ ಮ್ಯಾಪಿಂಗ್ ವಿಧಾನವು ಆಡಮ್ಸ್‌ರ ವಲಯ ಪದ್ಧತಿ ಹಾಗೂ ಡಾಡ್ಜಿಂಗ್–ಬರ್ನಿಂಗ್‌ಗಳನ್ನೇ ಗಣಿತಕ್ಕೆ ಅಳವಡಿಸಿದ್ದು ಗಮನಾರ್ಹ. 2007ರಲ್ಲಿ ಟಾಮ್ ಮೆರ್ಟೆನ್ಸ್ ಮೊದಲಾದವರು ಪ್ರತಿ ಚಿತ್ರದಿಂದಲೂ ಚೆನ್ನಾಗಿ ಬಂದಿರುವ ಭಾಗಗಳನ್ನು ಆರಿಸಿ ನೇರವಾಗಿ ಬೆರೆಸುವ ಎಕ್ಸ್‌ಪೋಷರ್ ಫ್ಯೂಷನ್ ವಿಧಾನವನ್ನು ಸೂಚಿಸಿದರು. ಇದರ ಫಲಿತಾಂಶ ಹೆಚ್ಚು ಸಹಜವಾಗಿ ಕಾಣುತ್ತದೆ. ಮುಕ್ತ ತಂತ್ರಾಂಶವಾದ ಎನ್‌ಫ್ಯೂಸ್ ಇದನ್ನೇ ಬಳಸುತ್ತದೆ.

ಒಂದೇ ಕಡತದ ಸಂಸ್ಕರಣೆಯಲ್ಲಿ ಮೊದಲು ಇಡೀ ಚಿತ್ರದ ಮಟ್ಟದಲ್ಲಿ ಉಜ್ಜ್ವಲ ಭಾಗಗಳನ್ನು ತಗ್ಗಿಸಿ ನೆರಳನ್ನು ಎತ್ತಲಾಗುತ್ತದೆ. ಅಡೋಬಿಯ ಲೈಟ್‌ರೂಂ, ಮುಕ್ತ ತಂತ್ರಾಂಶಗಳಾದ ಡಾರ್ಕ್‌ಟೇಬಲ್ ಮತ್ತು ರಾಥೆರಪಿ ಎಲ್ಲದರಲ್ಲೂ ಇದಕ್ಕೆ ಅನುಕೂಲಗಳಿವೆ. ಇಷ್ಟರಿಂದಲೇ ಕೆಲಸ ಮುಗಿಸಲು ಹೊರಟರೆ ಮಧ್ಯಮ ಛಾಯೆಗಳೆಲ್ಲ ಒಂದೇ ಮಟ್ಟಕ್ಕೆ ಬಂದು ಚಿತ್ರ ಸಪ್ಪೆಯಾಗುತ್ತದೆ. ಆದ್ದರಿಂದ ಮುಂದಿನ ಹಂತದಲ್ಲಿ ಆಕಾಶ ಮತ್ತು ನೆಲವನ್ನು ಮಾಸ್ಕ್‌ಗಳಿಂದ ಬೇರ್ಪಡಿಸುವುದು ಅಗತ್ಯ.

ಮಾಸ್ಕ್‌ನ ಆಕಾರ ದೃಶ್ಯವನ್ನು ಅವಲಂಬಿಸುತ್ತದೆ. ಹಾವೇರಿ ಜಿಲ್ಲೆಯ ಮಾಸೂರಿನ ಬಳಿ ಎರಡು ಗುಡ್ಡಗಳ ನಡುವೆ ಕುಮುದ್ವತಿ ನದಿಗೆ ಅಡ್ಡಲಾಗಿ ಕಟ್ಟಿದ ಮದಗದ ಕೆರೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಕಣಿವೆಯ ಉದ್ದಕ್ಕೆ ನೋಡಿದಾಗ ಇಕ್ಕೆಲಗಳ ಗುಡ್ಡಗಳು ಚೌಕಟ್ಟಿನ ಮೇಲಕ್ಕೆ ಏರಿ, ಆಕಾಶವು ನಡುವೆ ಬುಡ ಕಿರಿದಾದ ಮುಕ್ಕೋನದಂತೆ ಇಳಿಯುತ್ತದೆ. ಇಲ್ಲಿ ನೇರ ಶ್ರೇಣೀಕೃತ ಮಾಸ್ಕ್ ಹಾಕಿದರೆ ಎರಡೂ ಗುಡ್ಡಗಳು ಕಪ್ಪಾಗುತ್ತವೆ. ಶ್ರೇಣೀಕೃತ ಮಾಸ್ಕ್‌ನಿಂದ ಗಾಢ ಛಾಯೆಗಳನ್ನು ಕಳೆಯುವ ಪ್ರಕಾಶಾಧಾರಿತ ಮಾಸ್ಕ್ ಇದಕ್ಕೆ ಪರಿಹಾರ. ಗುಡ್ಡ ಕಪ್ಪು, ಆಕಾಶ ಬಿಳುಪು ಆಗಿರುವುದರಿಂದ ಚಿತ್ರದ ಬೆಳಕೇ ತನ್ನ ಗಡಿಯನ್ನು ಗುರುತಿಸಿಕೊಡುತ್ತದೆ. 2020ರಲ್ಲಿ ಫೋಟೋಶಾಪ್‌ಗೂ 2021ರಲ್ಲಿ ಲೈಟ್‌ರೂಂಗೂ ಆಕಾಶವನ್ನು ತಾನಾಗಿ ಗುರುತಿಸುವ ಸೌಲಭ್ಯ ಸೇರಿತು. ಗುಡ್ಡದ ನೆತ್ತಿಯಲ್ಲಿನ ಎಲೆಗಳ ಸಂದುಗಳಲ್ಲಿ ಕಾಣುವ ಆಕಾಶದ ಚೂರುಗಳನ್ನು ಇಂತಹ ಮಾಸ್ಕ್ ಬಿಟ್ಟುಬಿಡುವುದುಂಟು. ಆಗ ಕಪ್ಪಾದ ಆಕಾಶದ ಕೆಳಗೆ ಮರದ ಕೊಂಬೆಗಳ ನಡುವೆ ಬಿಳಿ ಚುಕ್ಕೆಗಳು ಮಿನುಗುತ್ತವೆ.

ನೀರಿರುವ ದೃಶ್ಯದಲ್ಲಿ ಇನ್ನೊಂದು ಭೌತಿಕ ನಿಯಮವನ್ನು ಗಮನಿಸಬೇಕು. ನೀರಿನ ಮೇಲ್ಮೈ ಬೆಳಕಿನ ಒಂದು ಅಂಶವನ್ನು ಮಾತ್ರ ಪ್ರತಿಫಲಿಸುತ್ತದೆ. ನೇರವಾಗಿ ಕೆಳಗೆ ನೋಡಿದಾಗ ಅದು ಸುಮಾರು ಶೇ. 2, ಓರೆಯಾದಷ್ಟೂ ಹೆಚ್ಚು. ಹೀಗಾಗಿ ಕೆರೆಯಲ್ಲಿನ ಮೋಡದ ಬಿಂಬವು ಆ ಮೋಡಕ್ಕಿಂತ ಪ್ರಕಾಶಮಾನವಾಗಿರಲು ಸಾಧ್ಯವಿಲ್ಲ. ಆಕಾಶವನ್ನು ಮಾತ್ರ ತಗ್ಗಿಸಿ ನೀರನ್ನು ಎತ್ತಿದ ಚಿತ್ರಗಳಲ್ಲಿ ಈ ಸಂಬಂಧ ತಲೆಕೆಳಗಾಗುತ್ತದೆ. ನೋಡುಗನಿಗೆ ಕಾರಣ ಹೇಳಲಾಗದಿದ್ದರೂ ಚಿತ್ರ ಸುಳ್ಳೆನಿಸುತ್ತದೆ.

ದೂರದ ಬೆಟ್ಟಸಾಲುಗಳ ವಿಚಾರದಲ್ಲಿಯೂ ಇಂತಹದೇ ಎಚ್ಚರ ಬೇಕು. ವಾತಾವರಣವು ಬೆಳಕನ್ನು, ಅದರಲ್ಲೂ ನೀಲಿ ಬೆಳಕನ್ನು ಹೆಚ್ಚು, ಚದುರಿಸುವುದರಿಂದ ದೂರ ಹೋದಂತೆ ಬೆಟ್ಟಗಳು ತಿಳಿಯಾಗಿ, ನೀಲಿಯಾಗಿ, ವಿವರಗಳಿಲ್ಲದೆ ಕಾಣುತ್ತವೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯ ಹಿಂದಿರುವ ವಿದ್ಯಮಾನಗಳಲ್ಲಿ ಇದೂ ಒಂದು. ಮಂಜು ತೊಲಗಿಸುವ ಸಾಧನವನ್ನು ಇಡೀ ಚಿತ್ರಕ್ಕೆ ಅನ್ವಯಿಸಿದರೆ ಐದಾರು ಮೈಲಿ ಆಚೆಯ ಸಾಲು ಹತ್ತಿರದ ಸಾಲಿನಷ್ಟೇ ಗಾಢವಾಗಿ, ಪಶ್ಚಿಮ ಘಟ್ಟದ ಆಳವೇ ಇಲ್ಲವಾಗುತ್ತದೆ.

ನೆರಳನ್ನು ಎತ್ತಿದಾಗ ಬಣ್ಣವೂ ಬದಲಾಗುತ್ತದೆ. ನೆರಳಿಗೆ ಬೆಳಕು ಬರುವುದು ನೀಲಿ ಆಕಾಶದಿಂದ, ಆದ್ದರಿಂದ ಅಲ್ಲಿನ ಕೆಮ್ಮಣ್ಣು ನೇರಳೆಯಾಗಿಯೂ ಹುಲ್ಲು ತಣ್ಣನೆಯ ಹಸಿರಾಗಿಯೂ ತೋರುತ್ತದೆ. ಮುನ್ನೆಲೆಯ ಮಾಸ್ಕ್‌ನಲ್ಲಿ ವರ್ಣೋಷ್ಣತೆಯನ್ನು ಪ್ರತ್ಯೇಕವಾಗಿ ತುಸು ಬೆಚ್ಚಗಾಗಿಸುವುದು ವಾಡಿಕೆ. ಗದ್ದಲ ನಿವಾರಣೆಯನ್ನೂ ಆ ಭಾಗಕ್ಕಷ್ಟೇ ಸೀಮಿತಗೊಳಿಸಿದರೆ ಆಕಾಶದ ಸೂಕ್ಷ್ಮ ವಿವರ ಮಸುಕಾಗುವುದಿಲ್ಲ.

ಸಾಮಾನ್ಯ ದೋಷಗಳು

ಅತ್ಯಂತ ಸುಲಭವಾಗಿ ಕಣ್ಣಿಗೆ ಬೀಳುವ ದೋಷ ಪ್ರಭೆ, ಅಂದರೆ ಬೆಟ್ಟದ ಅಂಚಿನುದ್ದಕ್ಕೂ ಮೂಡುವ ಬಿಳಿಯ ಗೆರೆ. ಮಾಸ್ಕ್‌ನ ಅಂಚು ಅತಿಯಾಗಿ ಮೃದುವಾಗಿದ್ದರೆ ಅಥವಾ ಸ್ಥಳೀಯ ಕಾಂಟ್ರಾಸ್ಟ್‌ನ್ನು ವಿಪರೀತ ಹೆಚ್ಚಿಸಿದರೆ ಇದು ಉಂಟಾಗುತ್ತದೆ. ಚಿತ್ರವನ್ನು ಶೇ. 100ರಷ್ಟು ಹಿಗ್ಗಿಸಿ ಬೆಟ್ಟದ ಅಂಚಿನುದ್ದಕ್ಕೂ ಸರಿದು ನೋಡಿದರೆ ಪತ್ತೆಯಾಗುತ್ತದೆ. ಮುನ್ನೆಲೆ ಆಕಾಶಕ್ಕಿಂತ ಬೆಳಗಿರುವುದು, ಸೂರ್ಯನ ಸುತ್ತ ಬೂದು ವರ್ತುಲ, ತಿಳಿ ಆಕಾಶದಲ್ಲಿ ಪಟ್ಟೆಗಳು ಇತರ ದೋಷಗಳು. ಸೂರ್ಯಬಿಂಬಕ್ಕೇ ವಿವರ ತರಲು ಹೋಗುವುದು ವ್ಯರ್ಥ, ಅದು ಬೆಳ್ಳಗೇ ಇರಬೇಕು. ಎದುರು ಬೆಳಕಿನಲ್ಲಿ ಕಪ್ಪು ಆಕೃತಿಯಾಗಿ ನಿಂತ ಬೆಟ್ಟವೇ ಚಿತ್ರದ ಸತ್ವವಾಗಿರುವಾಗ ನೆರಳನ್ನು ಎತ್ತದಿರುವುದೂ ಒಂದು ನಿರ್ಧಾರವೇ.

ನೈತಿಕ ಮಿತಿಗಳು

ಇರುವ ಬೆಳಕನ್ನು ಮರುಹಂಚುವುದಕ್ಕೂ ಇಲ್ಲದ ಆಕಾಶವನ್ನು ತಂದು ಕೂಡಿಸುವುದಕ್ಕೂ ವ್ಯತ್ಯಾಸವಿದೆ. 2019ರ ನಂತರ ಲ್ಯೂಮಿನಾರ್, ಫೋಟೋಶಾಪ್ ಮೊದಲಾದ ತಂತ್ರಾಂಶಗಳಲ್ಲಿ ಒಂದೇ ಗುಂಡಿಯಿಂದ ಆಕಾಶವನ್ನು ಬದಲಿಸುವ ಸೌಲಭ್ಯ ಬಂದಿದ್ದು, ಟ್ರೈಪ್‌ನ ಕುಂಚದ ಮೋಡಗಳ ಪ್ರಶ್ನೆ ಹೊಸ ರೂಪದಲ್ಲಿ ಮರಳಿದೆ. ಛಾಯಾಗ್ರಹಣ ಸ್ಪರ್ಧೆಗಳಲ್ಲಿ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎಪಿಯ ನಿಸರ್ಗ ವಿಭಾಗದ ವ್ಯಾಖ್ಯೆಯು ಎಚ್‌ಡಿಆರ್ ಹಾಗೂ ಡಾಡ್ಜಿಂಗ್–ಬರ್ನಿಂಗ್‌ಗೆ ಅವಕಾಶ ನೀಡುತ್ತದೆ, ಚಿತ್ರಕ್ಕೆ ಏನನ್ನಾದರೂ ಸೇರಿಸುವುದನ್ನು ನಿಷೇಧಿಸುತ್ತದೆ. ಪತ್ರಿಕಾ ಛಾಯಾಗ್ರಹಣದಲ್ಲಿ ನಿಯಮ ಇನ್ನೂ ಕಟ್ಟುನಿಟ್ಟು. 2013ರಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಪ್ರಶಸ್ತಿ ಪಡೆದ ಪಾಲ್ ಹಾನ್ಸೆನ್ ಅವರ ಗಾಜಾದ ಚಿತ್ರದ ಬಗ್ಗೆ ಆಕ್ಷೇಪಗಳು ಬಂದಾಗ ತಜ್ಞರು ಮೂಲ ರಾ ಕಡತವನ್ನು ಪರಿಶೀಲಿಸಿ, ಬೆಳಕು ಮತ್ತು ಬಣ್ಣಗಳನ್ನು ತಿದ್ದಲಾಗಿದೆಯೇ ಹೊರತು ಚಿತ್ರಗಳನ್ನು ಬೆಸೆದಿಲ್ಲವೆಂದು ತೀರ್ಮಾನಿಸಿದರು. ಕೆರೆ, ಕಾಡು, ಗಣಿಗಾರಿಕೆಗೆ ಒಳಗಾದ ಬೆಟ್ಟಗಳ ಸ್ಥಿತಿಗೆ ಛಾಯಾಚಿತ್ರವೇ ಸಾಕ್ಷಿಯಾಗುವ ಸಂದರ್ಭಗಳಲ್ಲಿ, ಮೂಲ ಕಡತವನ್ನು ಉಳಿಸಿಕೊಳ್ಳುವುದು ಕೇವಲ ತಾಂತ್ರಿಕ ಶಿಸ್ತಲ್ಲ.

ಮುದ್ರಣ ಮತ್ತು ಪರದೆ

ಪರದೆಯ ಮೇಲೆ ಸರಿಯೆನಿಸಿದ ಸಮತೋಲನ ಕಾಗದದ ಮೇಲೆ ಹಾಗೆಯೇ ಉಳಿಯುವುದಿಲ್ಲ. ಹೊಳಪು ಕಾಗದದಲ್ಲಿ ಕಪ್ಪು–ಬಿಳುಪಿನ ನಡುವೆ ಸುಮಾರು 7 ಸ್ಟಾಪ್, ಹೊಳಪಿಲ್ಲದ ಕಾಗದದಲ್ಲಿ ಸುಮಾರು 5 ಸ್ಟಾಪ್ ಅಂತರ ಮಾತ್ರ ದೊರೆಯುತ್ತದೆ. ಪತ್ರಿಕಾ ಕಾಗದದಲ್ಲಿ ಇನ್ನೂ ಕಡಿಮೆ, ಆದ್ದರಿಂದ ಅಲ್ಲಿಗೆ ಕಳಿಸುವ ಚಿತ್ರದಲ್ಲಿ ಬೆಟ್ಟದ ನೆರಳನ್ನು ಪರದೆಗೆ ಬೇಕಾದುದಕ್ಕಿಂತ ಹೆಚ್ಚಾಗಿ ಎತ್ತಬೇಕಾಗುತ್ತದೆ. ವಿರುದ್ಧ ದಿಕ್ಕಿನಲ್ಲಿ, 2023ರ ಆಂಡ್ರಾಯ್ಡ್ 14ರೊಂದಿಗೆ ಬಂದ ಅಲ್ಟ್ರಾ ಎಚ್‌ಡಿಆರ್ ಕಡತವು ಸಾಮಾನ್ಯ ಜೆಪೆಗ್ ಜೊತೆಗೆ ಬೆಳಕಿನ ಹೆಚ್ಚುವರಿ ನಕ್ಷೆಯೊಂದನ್ನು ಒಳಗೊಂಡಿದ್ದು, ಪ್ರಖರ ಪರದೆಯಿರುವ ಫೋನಿನಲ್ಲಿ ಆಕಾಶವನ್ನು ಹೆಚ್ಚು ತಗ್ಗಿಸದೆಯೇ ತೋರಿಸುತ್ತದೆ. ಹಳೆಯ ಪರದೆಯಲ್ಲಿ ಅದೇ ಕಡತ ಸಾಮಾನ್ಯ ಚಿತ್ರವಾಗಿ ತೆರೆದುಕೊಳ್ಳುತ್ತದೆ.